ಹೊನಗೊನ್ನೆ ಸೊಪ್ಪು

ಅದು ಶುರುವಾದದ್ದು ಅವರೆಕಾಯಿ ಕಾಲದಲ್ಲಿ. ಸಂಕ್ರಾಂತಿ ಇನ್ನೂ ಬಂದಿರಲಿಲ್ಲ. ಬೆಳಗಿನ ಮಂಜು ಹರಿದು ಬಿಸಿಲು ಜಗುಲಿಯ ಮೇಲೆ ಕಾಲು ಚಾಚುವ ಹೊತ್ತು. ಹನುಮಂತಮ್ಮ ಕಂಬಕ್ಕೆ ಒರಗಿ ನೆನೆದ ಅವರೆಕಾಳನ್ನು ಹಿತುಕುತ್ತಾ ಕೂತಿದ್ದಳು. ಮರಳವಾಡಿ ಕಡೆಯಿಂದ ಮೊದಲ ಬಸ್ಸು ಬಂದು ಹೋದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಅವಳ ಗಂಡ ಅಂಕಯ್ಯ ಹೆಗಲ ಮೇಲೆ ಬ್ಯಾಗು ಹಾಕಿಕೊಂಡು ಬಂದು, ಮೆಟ್ಟು ಕೂಡ ಬಿಡದೆ ಜಗುಲಿಯ ಮೇಲೆ ಕೂತ. ಬೆಂಗಳೂರಿನ ಆಸ್ಪತ್ರೆಯಲ್ಲಿ ಮಗ ಬೈರಪ್ಪನ ಎದೆ ಆಪರೇಷನ್ ಆಗಿತ್ತು. ಅಲ್ಲಿ ಸೊಸೆ ಕಾವೇರಿಯನ್ನು ಬಿಟ್ಟು ಬಂದಿದ್ದ.

"ಬೈರ ಹೆಂಗವ್ನೆ?"

"ಎದೆ ಸರಿ ಹೋಯ್ತಂತೆ. ಹೊಸ ವಾಲ್ವು ಕೂತ್ಕತಂತೆ."

"ನಮ್ಮವ್ವ ಕಬ್ಬಾಳಮ್ಮ ಕಾಪಾಡಿದ್ಲು. ಮತ್ಯಾಕೆ ಮಖ ಹಿಂಗ್ ಮಾಡ್ಕೊಂಡಿದೀಯ?"

"ಕಣ್ಣು ಕಾಣಾಕಿಲ್ವಂತೆ."

"ಯಾರ್ಗೆ?"

"ಬೈರಂಗೆ."

ಹನುಮಂತಮ್ಮನ ಬೆರಳಲ್ಲಿದ್ದ ಕಾಳು ಸಿಪ್ಪೆ ಬಿಟ್ಟು ಅಂಗಳಕ್ಕೆ ಹಾರಿತು. "ಕುಯ್ದಿದ್ದು ಎದೆ ತಾನೆ?"

"ಎದೆನೇ."

"ಮತ್ತೆ ಕಣ್ಣಿಗೇನಾಯ್ತು? ಪಕ್ಕದ ಮಂಚದೋನ ಸುದ್ದಿ ತಂದು ನನ್ಗೆ ಹೇಳ್ತಿದೀಯೇನೋ. ನಿನ್ನ ಕಿವಿ ನಂಗೊತ್ತಿಲ್ವಾ?"

ಅಂಕಯ್ಯನಿಗೆ ಕಿವಿ ಮಂದವೆಂಬುದು ನಿಜ. ಆದರೆ ಅವತ್ತು ಅವನು ಹೆಗಲಿನ ಟವಲನ್ನು ತೆಗೆದು ಮುಖದ ಮೇಲೆ ಹಾಕಿಕೊಂಡ. ಟವಲಿನ ಒಳಗಿಂದ ಬಂದ ದನಿ ಕೇಳಿದ ಮೇಲೆ ಹನುಮಂತಮ್ಮ ಕಾಳಿನ ಮೊರವನ್ನು ಪಕ್ಕಕ್ಕೆ ಸರಿಸಿ ಎದ್ದಳು.

ಬೈರಪ್ಪನಿಗೆ ಚಿಕ್ಕಂದಿನಲ್ಲಿ ಕೀಲು ಕೀಲೂ ಊದಿಕೊಂಡು ಜ್ವರ ಬಂದಿತ್ತು. ಜ್ವರ ಹೋಯಿತು, ಅದರ ಹಲ್ಲಿನ ಗುರುತು ಎದೆಯೊಳಗೆ ಉಳಿದಿತ್ತು ಎಂದು ಯಾರಿಗೂ ಗೊತ್ತಾಗಲಿಲ್ಲ. ದೊಡ್ಡವನಾದ ಮೇಲೆ ಮಾವಿನ ಕಸಿ ಕಟ್ಟುವುದು ಕಲಿತ. ಕನಕಪುರ, ರಾಮನಗರದ ತೋಟದವರೆಲ್ಲ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ನಾಟಿ ಗಿಡದ ಕಾಂಡ ಸೀಳಿ ಬಾದಾಮಿ ಮಾವಿನ ಕಡ್ಡಿ ಕೂಡಿಸಿ ಪಟ್ಟಿ ಸುತ್ತಿದನೆಂದರೆ ಒಣಗಿದ್ದು ಕಡಿಮೆ. ಅಂಥವನು ಎರಡು ವರ್ಷದಿಂದ ತೋಟದ ಏರು ಹತ್ತುವಾಗ ನಿಂತು ನಿಂತು ಉಸಿರೆಳೆಯತೊಡಗಿದ. ಕನಕಪುರದ ಡಾಕ್ಟರು ಕಿವಿಗೆ ನಳಿಕೆ ಇಟ್ಟು ಕೇಳಿ ನೇರ ಬೆಂಗಳೂರಿಗೆ ಬರೆದುಕೊಟ್ಟರು. ಎದೆಯೊಳಗಿನ ವಾಲ್ವು ಹೋಗಿದೆ, ಬೇರೆ ಹಾಕಬೇಕು ಅಂದರು. "ಬಾವಿ ಪಂಪಿನ ಫುಟ್‌ವಾಲ್ವು ಹೋದಂಗೇ ಬುಡು. ಹೊಸದು ಹಾಕುದ್ರೆ ನೀರು ಎತ್ತೇ ಎತ್ತೈತೆ" ಎಂದು ಆಗ ಮನೆಯವರಿಗೆಲ್ಲ ಧೈರ್ಯ ಹೇಳಿದವನು ಇದೇ ಅಂಕಯ್ಯ.

ಮರುದಿನ ಹನುಮಂತಮ್ಮ ಗಂಡನ ಜೊತೆ ಆಸ್ಪತ್ರೆಯಲ್ಲಿದ್ದಳು. ಮಂಚದ ಹತ್ತಿರ ಹೋಗಿ ನಿಂತರೆ ಬೈರಪ್ಪ ಅವಳ ಭುಜದಿಂದಾಚೆ ಗೋಡೆಯನ್ನು ನೋಡುತ್ತಿದ್ದ. ಕಣ್ಣು ಮೊದಲಿನ ಹಾಗೆಯೇ ಇದ್ದವು. ಪೊರೆಯಿಲ್ಲ, ಕೆಂಪಿಲ್ಲ, ಹೊಳಪೂ ಹೋಗಿಲ್ಲ.

"ಯಾರು?"

"ನಾನು ಕಣ್ಲಾ, ನಿಮ್ಮವ್ವ."

"ಅವ್ವ, ಇಲ್ಲಿ ಕರೆಂಟು ಹೋಗೈತೆ ಅಂದ್ಕೊಂಡಿದ್ದೆ ಕಣವ್ವ. ಎಚ್ಚರಾದಾಗ ನರ್ಸಮ್ಮಂಗೆ ಹೇಳ್ದೆ, ದೀಪ ಹಚ್ರವ್ವ ಅಂತ. ಅವ್ರು ನಕ್ಕುಬುಟ್ರು. ಆಮೇಲೆ ನಗಲಿಲ್ಲ."

ಕಣ್ಣಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೂವರನ್ನೂ ಕೂರಿಸಿಕೊಂಡು ನಿಧಾನವಾಗಿ ಹೇಳಿದಳು. ಆಪರೇಷನ್ ಮಾಡುವಾಗ ಹೃದಯವನ್ನು ನಿಲ್ಲಿಸಿ ಯಂತ್ರದಿಂದ ರಕ್ತ ಓಡಿಸುತ್ತಾರೆ. ಅಷ್ಟು ಹೊತ್ತಿನಲ್ಲಿ ಸಾವಿರಾರು ಜನರಲ್ಲಿ ಯಾರೋ ಒಬ್ಬರಿಗೆ ಕಣ್ಣಿನ ಹಿಂದಿನ ನರಕ್ಕೆ ರಕ್ತ ಸಾಲದೆ ಹೋಗುತ್ತದೆ. ಯಾರಿಗೆ ಹೀಗಾಗುತ್ತದೆಂದು ಮೊದಲೇ ಹೇಳಲಾಗುವುದಿಲ್ಲ.

"ಕನ್ನಡ್ಕ ಹಾಕುದ್ರೆ?" ಕಾವೇರಿ ಕೇಳಿದಳು.

"ಇಲ್ಲಮ್ಮ."

"ಕಣ್ಣಿಗೇ ಒಂದು ಆಪರೇಷನ್ನು?"

"ಕಣ್ಣು ಚೆನ್ನಾಗೇ ಇದೆ. ನರ ಹೋಗಿದೆ. ಒಂದಿಷ್ಟು ಬೆಳಕು ತಾನಾಗೇ ವಾಪಸು ಬಂದರೂ ಬರಬಹುದು, ಬರದೇ ಇರಲೂಬಹುದು. ಔಷಧಿ ಅಂತ ಇಲ್ಲ."

ಅದನ್ನು ಬಂದು ಹೇಳಿದಾಗ ಬೈರಪ್ಪ ಎಲ್ಲರಿಗಿಂತ ಬೇಗ ತಿಳಿದುಕೊಂಡ. "ಕಸಿ ಕಟ್ಟಿದ ಕಡ್ಡಿಗೆ ಹಾಲು ಏರ್ದೆ ಹೋದಂಗೆ" ಅಂದ. ಆಮೇಲೆ, "ಆದ್ರೂ ಒಂದೊಂದು ಒಣಗಿದ ಕಡ್ಡಿ ಎಲ್ಡು ತಿಂಗಳಾದ್ಮೇಲೆ ಚಿಗುರ್ತೈತೆ ಕಣವ್ವ, ನಾನೇ ನೋಡಿವ್ನಿ" ಅಂದ. ಹನುಮಂತಮ್ಮ ಆ ಮಾತನ್ನು ಮಡಿಲಲ್ಲಿ ಕಟ್ಟಿಕೊಂಡು ಊರಿಗೆ ಬಂದಳು.

ಮನೆಗೆ ಕರೆತಂದಾಗ ಮಾವು ಹೂ ಬಿಟ್ಟಿತ್ತು. ಮಾವಿನ ಫಸಲು ಗುತ್ತಿಗೆ ಹಿಡಿಯುವ ವಹಾಬ್ ತನ್ನ ಟೆಂಪೋದಲ್ಲೇ ಮೆತ್ತೆ ಹಾಸಿ ಕರೆತಂದ. ಬೈರಪ್ಪನ ಕೈ ಹಿಡಿದು ಇಳಿಸುತ್ತಾ, "ಅಣ್ಣ, ಈ ಸಲ ಹೂ ಭಾರಿ ಐತೆ. ಮಳೆಗಾಲಕ್ಕೆ ನೀನು ಕಸಿಗೆ ಬರ್ಲಿಲ್ಲ ಅಂದ್ರೆ ನಾನು ಬುಡಾಕಿಲ್ಲ" ಅಂದ. ಬೈರಪ್ಪ ಮೂಗು ಎತ್ತಿ ಹೂವಿನ ವಾಸನೆ ಹಿಡಿದ. "ಮೂಡ್ಲ ಕಡೆ ಮರ ಇನ್ನೂ ಬುಟ್ಟಿಲ್ಲ, ಅಲ್ವಾ?" ಅಂದ. ವಹಾಬ್ ತಿರುಗಿ ನೋಡಿದ. ಬಿಟ್ಟಿತ್ತು. ಆದರೂ, "ಹೌದಣ್ಣ, ಬುಟ್ಟಿಲ್ಲ" ಅಂದ.

ಆಸ್ಪತ್ರೆಯಿಂದ ಬರುವಾಗ ನರ್ಸು ಕಾವೇರಿಗೆ ಪಾಠ ಒಪ್ಪಿಸುವ ಹಾಗೆ ಹೇಳಿ ಕಳಿಸಿದ್ದಳು. ಎದೆಯಲ್ಲಿರುವುದು ಲೋಹದ ವಾಲ್ವು. ಅದರ ಮೇಲೆ ರಕ್ತ ಹೆಪ್ಪುಗಟ್ಟಬಾರದು. ಅದಕ್ಕೆ ರಕ್ತ ತೆಳ್ಳಗಿಡುವ ಮಾತ್ರೆ ಸಂಜೆ ಸಂಜೆ ತಪ್ಪದೆ ನುಂಗಬೇಕು, ಬದುಕಿರುವವರೆಗೂ. ತಿಂಗಳಿಗೊಮ್ಮೆ ಬಂದು ರಕ್ತ ತೋರಿಸಬೇಕು. ಸೊಪ್ಪು ಮಾತ್ರ ಬೇಡ, ಸೊಪ್ಪು ತಿಂದರೆ ಮಾತ್ರೆಯ ಕೆಲಸ ಕೆಡುತ್ತದೆ.

ಸೊಪ್ಪು ಬೇಡವೆಂದರೆ ಆ ಮನೆಯಲ್ಲಿ ಒಲೆಯೇ ಬೇಡವೆಂದ ಹಾಗೆ. ಕೀರೆ, ದಂಟು, ಅಣ್ಣೆ, ನುಗ್ಗೆ, ಹಿತ್ತಲಲ್ಲಿ ಬೆಳೆದದ್ದು, ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದ್ದು, ಇವೇ ದಿನಕ್ಕೊಂದರಂತೆ ಬಸ್ಸಾರಾಗಿ, ಮಸ್ಸೊಪ್ಪಾಗಿ ಮುದ್ದೆಯ ಜೊತೆ ಇಳಿಯುತ್ತಿದ್ದವು. ಈಗ ಕಾವೇರಿ ಹುರುಳಿ, ತೊಗರಿಬೇಳೆ, ಬದನೆಕಾಯಿ ಎಂದು ತಿರುಗಿಸಿ ತಿರುಗಿಸಿ ಮಾಡತೊಡಗಿದಳು.

"ಇದೇನಮ್ಮಿ, ಇವತ್ತೂ ಬೇಳೆ ಕಟ್ಟು? ಮನೇಲಿ ಸೂತಕ ಆಗೈತಾ?" ಹನುಮಂತಮ್ಮ ತಟ್ಟೆ ಮುಂದೆ ಕೂತು ಕೇಳಿದಳು.

"ಅವ್ರು ತಿನ್ನಂಗಿಲ್ಲ. ಅವ್ರ ಮುಂದೆ ನಾವು ಕೂತ್ಕೊಂಡು ತಿನ್ನಾದಾ ಅತ್ತೆ?"

"ಸೊಪ್ಪು ತಿಂದು ಯಾರು ಸತ್ತವ್ರೆ ಈ ಊರಲ್ಲಿ?"

"ಎದೇಲಿ ವಾಲ್ವು ಇಟ್ಕೊಂಡೋರು ಯಾರವ್ರೆ ಈ ಊರಲ್ಲಿ? ಹೇಳಿ ನೋಡಾನ."

ಅಂಕಯ್ಯನಿಗೆ ಇಂಥ ಮಾತು ಮಾತ್ರ ಸರಿಯಾಗಿ ಕೇಳಿಸುತ್ತಿತ್ತು. "ಉಣ್ಣು ಮುದ್ಕಿ. ಜಗಳಕ್ಕೆ ಬೇಳೆ ಬೇಯಾಕಿಲ್ಲ" ಅಂದ. ಬೈರಪ್ಪನ ಮಗಳು ಸರಸು, ಎಂಟು ವರ್ಷದವಳು, ಅಪ್ಪನ ಪಕ್ಕ ಕೂತು ತಟ್ಟೆಯಲ್ಲಿ ಅವನ ಬೆರಳು ಹಿಡಿದು ಇದು ಮುದ್ದೆ, ಇದು ಸಾರು ಎಂದು ತೋರಿಸುತ್ತಿದ್ದಳು. ಹೊಸ ವಾಲ್ವಿನ ಸದ್ದು ಹತ್ತಿರ ಕೂತವರಿಗೆಲ್ಲ ಕೇಳುತ್ತಿತ್ತು, ಕೈಗಡಿಯಾರ ಕಿವಿಗಿಟ್ಟುಕೊಂಡ ಹಾಗೆ, ಟಿಕ್ಕು ಟಿಕ್ಕು ಎಂದು. ಆ ಸದ್ದು ಕೇಳಿದರೆ ಹನುಮಂತಮ್ಮನಿಗೆ ಒಂದು ಕಡೆ ಸಮಾಧಾನ, ಇನ್ನೊಂದು ಕಡೆ ಕೋಪ. ಎದೆಯಲ್ಲಿ ಗಡಿಯಾರ ಇಟ್ಟರು, ಕಣ್ಣಲ್ಲಿ ಹಗಲು ತೆಗೆದರು.

ಬೈರಪ್ಪ ದುಡಿಯುವಂತಿಲ್ಲದ ಮೇಲೆ ಹೊಲದ ಕೆಲಸಕ್ಕೆ ಮಾವನ ಜೊತೆ ಕಾವೇರಿಯೇ ನಿಂತಳು. ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ಅಡುಗೆ ಮಾಡಿಟ್ಟು ಹೋದರೆ ಬರುವುದು ಹೊತ್ತಿಳಿದ ಮೇಲೆ. ಸರಸು ಸ್ಕೂಲಿಗೆ ಹೋಗಿರುತ್ತಿದ್ದಳು, ಮಧ್ಯಾಹ್ನ ಮನೆಯಲ್ಲಿ ತಾಯಿ, ಮಗ ಇಬ್ಬರೇ. ಆ ಹೊತ್ತಿನಲ್ಲಿ ಬೈರಪ್ಪ ಎದ್ದು ಗೋಡೆ ಸವರಿಕೊಂಡು ಬಾಗಿಲಿಗೆ ಬಂದು, ಹೊಸ್ತಿಲಿಗೆ ಎಡವಿ ಕೂತುಬಿಡುತ್ತಿದ್ದ. ಒಂದು ದಿನ ಕಸಿ ಕಟ್ಟುವ ಚೂರಿ ಕೇಳಿದ. ಕೊಟ್ಟಳು. ಒಂದು ಮಾವಿನ ಕಡ್ಡಿಯನ್ನು ಬೆರಳಲ್ಲಿ ತಡವಿ ತಡವಿ ಸೀಳಲು ಹೋಗಿ ಹೆಬ್ಬೆಟ್ಟನ್ನೇ ಸೀಳಿಕೊಂಡ. ರಕ್ತ ತೆಳ್ಳಗಿಡುವ ಮಾತ್ರೆ ನುಂಗುವವನ ರಕ್ತ, ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಅರಿಸಿನ ಒತ್ತಿ ಹಿಡಿದುಕೊಂಡು ಹನುಮಂತಮ್ಮ ಅತ್ತಳು.

"ಅಳ್ಬ್ಯಾಡ ಅವ್ವ. ನಂಗೆ ಎದೆ ಬ್ಯಾಡಾಗಿತ್ತು ಕಣವ್ವ. ಏದುಸಿರು ಬಿಟ್ಕೊಂಡಾದ್ರೂ ನಿಮ್ಮ ಮಖ ನೋಡ್ಕೊಂಡು ಇರ್ತಿದ್ದೆ."

ಈ ಮಾತು ಹೇಳಿಕೊಂಡು ಹನುಮಂತಮ್ಮ ಪಕ್ಕದ ಮನೆ ಮಾರಕ್ಕನ ಮುಂದೆ ಅತ್ತಾಗ ಮಾರಕ್ಕ ಸೊಂಟಕ್ಕೆ ಕೈಯಿಟ್ಟುಕೊಂಡು, "ಹೊನಗೊನ್ನೆ ಸೊಪ್ಪು ಕೊಟ್ಟು ನೋಡಿದ್ಯಾ?" ಅಂದಳು.

"ಸೊಪ್ಪು ಬ್ಯಾಡ ಅಂದವ್ರೆ ಕಣೆ."

"ಆ ಡಾಕ್ಟ್ರು ಕಣ್ಣು ಹೋಗ್ತೈತೆ ಅಂತ ಮೊದ್ಲೇ ಹೇಳಿದ್ರಾ? ಹೊನಗೊನ್ನೆ ತಿಂದ್ರೆ ಹಗಲೊತ್ನಲ್ಲೇ ಚುಕ್ಕಿ ಕಾಣ್ತವೆ ಅಂತ ನಮ್ಮ ಹಿರೀಕರು ಸುಮ್ಕೆ ಹೇಳವ್ರಾ? ನಮ್ಮ ಮಾವ ಸಾಯೋಗಂಟ ಸೂಜಿಗೆ ದಾರ ಪೋಣಿಸೋನು. ಅವ್ನು ಉಣ್ತಿದ್ದಿದ್ದೇ ಅದು."

ಹನುಮಂತಮ್ಮ ಮೂರು ದಿನ ಆ ಮಾತನ್ನು ಬಾಯಲ್ಲಿ ಎಲೆಯಡಿಕೆಯ ಹಾಗೆ ಅಗಿದಳು. ಹೊನಗೊನ್ನೆ ಕಣ್ಣಿಗೆ ಒಳ್ಳೆಯದೆಂಬುದು ಮಾರಕ್ಕ ಹೇಳಬೇಕಾಗಿರಲಿಲ್ಲ. ಅವಳ ತಾಯಿ ಹೇಳಿದ್ದಳು, ತಾಯಿಯ ತಾಯಿ ಹೇಳಿದ್ದಳು. ಕಣ್ಣು ಕೆಂಪಾದ ಕೂಸಿಗೂ, ಇರುಳುಗಣ್ಣಾದ ಬಾಣಂತಿಗೂ ಅದನ್ನೇ ಕೊಟ್ಟು ವಾಸಿ ಮಾಡಿದ್ದನ್ನು ತಾನೇ ಕಂಡಿದ್ದಳು. ಇನ್ನು ಎದೆಯ ಮಾತು. ಮೊದಲಿನ ಎದೆಯಾಗಿದ್ದರೆ ಹೆದರಬೇಕಿತ್ತು. ಈಗ ಒಳಗಿರುವುದು ಕಬ್ಬಿಣ. ಕಬ್ಬಿಣದ ಬಾಣಲೆಯಲ್ಲಿ ದಿನಾ ಸೊಪ್ಪು ಬಾಡಿಸುತ್ತೇವೆ, ಬಾಣಲೆಗೆ ಏನಾಗಿದೆ? ಮಾತ್ರೆ ಎದೆ ನೋಡಿಕೊಳ್ಳಲಿ, ಸೊಪ್ಪು ಕಣ್ಣು ನೋಡಿಕೊಳ್ಳಲಿ. ಒಂದು ಮನೆಯಲ್ಲಿ ಎರಡು ಎತ್ತು ಇರುವುದಿಲ್ಲವೆ? ಹೀಗೆ ಲೆಕ್ಕ ಹಾಕಿದಳು. ಸೊಸೆಗೆ ಹೇಳಲಿಲ್ಲ.

ಕೆರೆಯ ಕೋಡಿ ನೀರು ಹರಿಯುವ ಕಾಲುವೆಯ ಬದುವಿನಲ್ಲಿ ಹೊನಗೊನ್ನೆ ಬೇಸಿಗೆಯಲ್ಲೂ ಹಸಿರಾಗಿರುತ್ತದೆ. ಕಾವೇರಿ ಹೊಲಕ್ಕೆ ಹೋದ ಮೇಲೆ ಒಂದು ಮಡಿಲು ಕಿತ್ತು ತಂದಳು. ಎಳೆ ಎಲೆ ಬಿಡಿಸಿ, ತೊಳೆದು, ಚಿಕ್ಕ ಮಣ್ಣಿನ ಸ್ವಾರೆಯಲ್ಲಿ ಹಿಡಿ ಬೇಳೆಯ ಜೊತೆ ಬೇಯಿಸಿ, ಬಸಿದು, ಬೆಳ್ಳುಳ್ಳಿ ಒಣಮೆಣಸಿನಕಾಯಿ ಒಗ್ಗರಣೆ ಹಾಕಿ, ಮುದ್ದೆಯ ತುತ್ತಿಗೆ ಒತ್ತಿ ಮಗನ ಬಾಯಿಗಿಟ್ಟಳು.

ಬೈರಪ್ಪ ನುಂಗಿದ. ಎರಡನೆಯ ತುತ್ತಿಗೆ ನಿಂತ.

"ಅವ್ವ."

"ಊಂ."

"ಇದು ಹೊನಗೊನ್ನೆ."

"ಸುಮ್ಕೆ ಉಣ್ಣು."

"ಕಾವೇರಿಗೆ ಗೊತ್ತಾ?"

"ನಿಂಗೆ ಕಣ್ಣು ಬೇಕಾ, ಕಾವೇರಿ ಅಪ್ಪಣೆ ಬೇಕಾ?"

ಬೈರಪ್ಪ ಗೂಡಿನ ಮರಿಯ ಹಾಗೆ ಬಾಯಿ ತೆರೆದ.

ಶಿವರಾತ್ರಿ ಕಳೆದ ಮೇಲೆ ಒಂದು ಮಧ್ಯಾಹ್ನ, ಹನುಮಂತಮ್ಮ ಒಲೆ ಮುಂದಿದ್ದಳು. ಒಳಗಿಂದ ಬೈರಪ್ಪ ಕೂಗಿದ. "ಅವ್ವ, ಬಾಗ್ಲಲ್ಲಿ ಯಾರು ನಿಂತಿರಾದು?"

ಬಂದು ನೋಡಿದರೆ ಯಾರೂ ಇಲ್ಲ. ಕರು ಬಂದು ಬಾಗಿಲಿಗೆ ಅಡ್ಡ ನಿಂತಿತ್ತು. ಅದನ್ನು ಓಡಿಸಿದಳು. "ಈಗ?"

"ಈಗ ಹೋಯ್ತು. ಬಾಗ್ಲು ಒಸಿ ಬೆಳ್ಳಗೈತೆ ಕಣವ್ವ! ಬೂದಿ ಬಳ್ದಂಗೆ ಬೆಳ್ಳಗೈತೆ!"

ಅಂಕಯ್ಯನ ಒಗೆದ ಪಂಚೆಯನ್ನು ಹಗ್ಗದಿಂದ ಎಳೆದು ತಂದು ಬಾಗಿಲಲ್ಲಿ ಹಿಡಿದಳು, ತೆಗೆದಳು, ಹಿಡಿದಳು. ಐದು ಸಲಕ್ಕೆ ಮೂರು ಸಲ ಸರಿಯಾಗಿ ಹೇಳಿದ. ತಾಯಿ ಮಗ ಇಬ್ಬರೂ ಆ ಪಂಚೆಯನ್ನೇ ಹಿಡಿದುಕೊಂಡು ಅತ್ತರು. "ಯಾರ್ಗೂ ಹೇಳ್ಬ್ಯಾಡ. ಕಾವೇರಿಗೂ ಹೇಳ್ಬ್ಯಾಡ. ಸೊಪ್ಪಿನ ವಿಚಾರ ತಿಳುದ್ರೆ ನಿಲ್ಸಿಬುಡ್ತಾಳೆ" ಅಂದವನು ಬೈರಪ್ಪನೇ. ಅಲ್ಲಿಂದ ಮುಂದೆ ಸೊಪ್ಪು ದಿನವೂ ಆಯಿತು. ಬಸಿದ ಕಟ್ಟನ್ನೂ ಲೋಟದಲ್ಲಿ ಕುಡಿಯತೊಡಗಿದ.

ತಿಂಗಳು ತುಂಬಿತು. ಮೊದಲ ಸಲ ರಕ್ತ ತೋರಿಸಿ ಬಂದದ್ದು ಸೊಪ್ಪು ಶುರುವಾಗುವ ಮುಂಚೆ. ಎರಡನೆಯ ಸಲಕ್ಕೆ ಕಾವೇರಿ ಹೊರಡಿಸಿದಳು.

"ನಾಳೆ ಮೊದಲ್ನೆ ಬಸ್ಸಿಗೆ ಹೋಗಿ ರಕ್ತ ಕೊಟ್ಟು ಬರಾನ."

"ಯುಗಾದಿ ಕಳೀಲಿ" ಅಂದ ಬೈರಪ್ಪ.

"ಯುಗಾದಿಗೂ ರಕ್ತಕ್ಕೂ ಏನು?"

"ಇರು ಅಂದ್ನಲ್ಲ. ಒಂದಿನ ನಾನೇ ಒಬ್ನೇ ನಡ್ಕೊಂಡು ಹೋಗಿ ಆ ಕಣ್ಣಿನ ಡಾಕ್ಟ್ರಮ್ಮನ ಮಖ ನೋಡಿ ಬತ್ತೀನಿ."

ಕಾವೇರಿ ಅದನ್ನು ನೋವಿನ ಮಾತೆಂದುಕೊಂಡಳು. ಅತ್ತೆಯ ಕಡೆ ತಿರುಗಿ, "ನೀವಾದ್ರೂ ಹೇಳಿ ಅತ್ತೆ" ಅಂದಳು. ಹನುಮಂತಮ್ಮ ರಾಗಿ ಕೇರುತ್ತಾ, "ಒಂದ್ವಾರದಲ್ಲಿ ಏನು ಮುಳುಗೋಯ್ತೈತೆ, ಹಬ್ಬ ಕಳೀಲಿ" ಅಂದಳು.

ಹಬ್ಬವೂ ಕಳೆಯಿತು. ಒಬ್ಬಟ್ಟು ತಿಂದವನು ರಾತ್ರಿ ಮಲಗಲಾರದೆ ಗೋಡೆಗೆ ಒರಗಿ ಕೂತ. ಹೊಟ್ಟೆ ಭಾರ ಅಂದ. ಎರಡು ದಿನಕ್ಕೆ, ಬೆಳಗಾಗುತ್ತಾ ಹಸು ಕರೆಯುವ ಹೊತ್ತಿನಲ್ಲಿ, ಕಾವೇರಿ ಚೀರಿದ್ದು ಕೊಟ್ಟಿಗೆಗೆ ಕೇಳಿಸಿತು. ಹನುಮಂತಮ್ಮ ಹಾಲಿನ ಕ್ಯಾನು ಬಿಟ್ಟು ಓಡಿದಳು. ಬೈರಪ್ಪ ಮಂಚದ ಅಂಚನ್ನು ಎರಡು ಕೈಲೂ ಹಿಡಿದು ಮೀನಿನ ಹಾಗೆ ಬಾಯಿ ತೆರೆದಿದ್ದ. ಕೆಮ್ಮಿದರೆ ನೊರೆ ಬರುತ್ತಿತ್ತು, ನೊರೆಯಲ್ಲಿ ತಿಳಿಗೆಂಪು. ಕಾವೇರಿ ಅವನ ಎದೆಗೆ ಕಿವಿ ಇಟ್ಟಿದ್ದಳು.

"ಸದ್ದು ಇಲ್ಲ ಅತ್ತೆ. ಟಿಕ್ಕು ಅನ್ನಾಕಿಲ್ಲ. ಒಳಗೆ ಬಟ್ಟೆ ಸುತ್ತಿದಂಗೈತೆ!"

ವಹಾಬ್ ತನ್ನ ಟೆಂಪೋದಿಂದ ಮಾವಿನಕಾಯಿ ಕುಕ್ಕೆಗಳನ್ನು ರಸ್ತೆ ಪಕ್ಕಕ್ಕೆ ಇಳಿಸಿ ಎಸೆದು ಬಂದ. ದಾರಿಯುದ್ದಕ್ಕೂ ಹಾರೋಹಳ್ಳಿಯಲ್ಲಾಗಲಿ ಕಗ್ಗಲೀಪುರದಲ್ಲಾಗಲಿ ಯಾರ ಮಾತಿಗೂ ನಿಲ್ಲಿಸಲಿಲ್ಲ.

ಆಸ್ಪತ್ರೆಯಲ್ಲಿ ರಕ್ತ ನೋಡಿದ ದೊಡ್ಡ ಡಾಕ್ಟರು ಹೊರಗೆ ಬಂದವರೇ ಕಾವೇರಿಯ ಮೇಲೆ ಹರಿಹಾಯ್ದರು. "ಮಾತ್ರೆ ನಿಲ್ಲಿಸಿದ್ದೀರಿ! ರಕ್ತ ಗಟ್ಟಿಯಾಗಿ ವಾಲ್ವ್ ಮೇಲೆ ಹೆಪ್ಪು ಕೂತಿದೆ. ವಾಲ್ವ್ ಅಲ್ಲಾಡುತ್ತಿಲ್ಲ. ಎಷ್ಟು ದಿನದಿಂದ ಕೊಟ್ಟಿಲ್ಲ?"

"ಒಂದು ಸಂಜೆನೂ ತಪ್ಸಿಲ್ಲ ಸಾರ್. ನನ್ನ ಮಗಳಾಣೆ."

"ಸುಳ್ಳು ಹೇಳಬೇಡಿ. ಮಾತ್ರೆ ನುಂಗಿದ್ದರೆ ಹೀಗಾಗಲ್ಲ. ಸೊಪ್ಪುಗಿಪ್ಪು ಕೊಟ್ರಾ?"

"ಅಯ್ಯೋ, ಮನೆ ಒಳಕ್ಕೇ ತಂದಿಲ್ಲ ಸಾರ್! ನಾವೂ ತಿಂದಿಲ್ಲ!"

"ಹಾಗಿದ್ರೆ ಮಾತ್ರೇನೇ ಕೊಟ್ಟಿಲ್ಲ. ಗಂಡ ಕುರುಡಾದ ಅಂತ ಅಸಡ್ಡೆ ಮಾಡಿದ್ರಾ?"

ಕಾವೇರಿಯ ಕೈ ಹೊಲದ ಕೆಲಸಕ್ಕೆ ಒಡೆದು ಬಿರುಕು ಬಿಟ್ಟಿತ್ತು. ಆ ಕೈಯನ್ನು ಡಾಕ್ಟರ ಮುಂದೆ ಜೋಡಿಸಿದ್ದಳು. ಹನುಮಂತಮ್ಮ ಗೋಡೆ ಬಿಟ್ಟು ಮುಂದೆ ಬಂದಳು.

"ಅವಳನ್ನ ಬೈಬ್ಯಾಡಿ ಸ್ವಾಮಿ. ಸೊಪ್ಪು ನಾನು ಉಣ್ಣಿಸ್ದೆ."

"ಎಷ್ಟು ದಿನ?"

"ದಿನಾ."

ಡಾಕ್ಟರು ಅವಳನ್ನು ಒಮ್ಮೆ ನೋಡಿ ಒಳಗೆ ಓಡಿದರು. ಅಂಕಯ್ಯ ಯಾರು ಏನಂದರೆಂದು ತಿಳಿಯದೆ ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದ. ವಹಾಬ್ ಅವನನ್ನು ಕರೆದುಕೊಂಡು ಚಾ ಕುಡಿಸುವ ನೆಪದಲ್ಲಿ ಹೊರಗೆ ಹೋದ.

ಕಾವೇರಿ ಮೆಲ್ಲನೆ ತಿರುಗಿದಳು. "ನನ್ನ ಕೈಲಿ ಮಾತ್ರೆ, ನಿಮ್ಮ ಕೈಲಿ ಸೊಪ್ಪು. ಸಂಜೆ ನಾನು ಕಟ್ಟಾದು, ಮಧ್ಯಾನ ನೀವು ಬಿಚ್ಚಾದು. ಇಷ್ಟು ದಿನ ಅಕ್ಕಪಕ್ಕ ಕೂತ್ಕೊಂಡು ಉಂಡ್ವಲ್ಲ ಅತ್ತೆ, ನಿಮ್ಗೆ ಗಂಟ್ಲಲ್ಲಿ ಇಳೀತಾ?"

"ಕಣ್ಣಿಗೇ ಅಂತ ಕೊಟ್ಟೆ ಕಣಮ್ಮಿ."

"ಕಣ್ಣು ಹೋದ್ರೆ ನಾನು ಕೈ ಹಿಡ್ಕೊಂಡು ನಡೆಸ್ತೀನಿ. ಉಸಿರು ಹೋದ್ರೆ ಯಾರ ಕೈ ಹಿಡ್ಕಳ್ಳಿ?"

"ಬೆಳಕು ಬಂದಿತ್ತು ಅವ್ನಿಗೆ. ಬಾಗ್ಲು ಬೆಳ್ಳಗೆ ಕಾಣ್ತಿತ್ತು. ಪಂಚೆ ಹಿಡುದ್ರೆ ಹೇಳ್ತಿದ್ದ."

ಕಾವೇರಿ ಕಣ್ಣು ಮಿಟುಕಿಸದೆ ನಿಂತಳು. "ಯಾವಾಗ?"

"ಶಿವರಾತ್ರಿಯಿಂದ."

"ಬೆಳಕು ಬಂದಿದ್ದು ನಂಗೆ ಹೇಳ್ಲಿಲ್ಲ" ಅಂದಳು ಕಾವೇರಿ, ಯಾರಿಗೂ ಅಲ್ಲ ಎಂಬಂತೆ. "ಅವ್ರೂ ಹೇಳ್ಲಿಲ್ಲ." ಅಲ್ಲೇ, ಜನ ಓಡಾಡುವ ನೆಲದ ಮೇಲೆ ಕುಸಿದು ಕೂತಳು. ಬೈಗುಳಕ್ಕಾದರೆ ಹನುಮಂತಮ್ಮ ಎದೆಗೊಡುತ್ತಿದ್ದಳು. ಇದಕ್ಕೆ ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ.

ಹೆಪ್ಪು ಕರಗಿಸುವ ಔಷಧಿ ನರದಲ್ಲಿ ಬಿಟ್ಟು ಬೈರಪ್ಪನನ್ನು ಹೇಗೋ ಉಳಿಸಿದರು. ಕಣ್ಣಿನ ಡಾಕ್ಟರಮ್ಮ ಇನ್ನೊಮ್ಮೆ ಬಂದು ಬೆಳಕು ಬಿಟ್ಟು ನೋಡಿದಳು. ಅಲ್ಪಸ್ವಲ್ಪ ಬೆಳಕು ಕಂಡಿದ್ದು ನರ ತಾನಾಗಿ ಚೇತರಿಸಿಕೊಂಡದ್ದು, ಸೊಪ್ಪಿನಿಂದಲ್ಲ, ಇನ್ನು ಹೆಚ್ಚಿಗೆ ಬರುವುದೂ ಇಲ್ಲ ಎಂದು ಬಿಡಿಸಿ ಹೇಳಿದಳು. ಕಳಿಸುವ ದಿನ ದೊಡ್ಡ ಡಾಕ್ಟರು ಒಂದೇ ಮಾತು ಅಂದರು: "ಇನ್ನೊಂದು ಸಲ ಹೀಗಾದರೆ ಇಲ್ಲಿಯವರೆಗೆ ಬದುಕಿ ಬರುವುದಿಲ್ಲ."

ಮನೆಯಲ್ಲಿ ಕಾವೇರಿ ಮತ್ತೆ ಆ ಮಾತೆತ್ತಲಿಲ್ಲ. ಮಧ್ಯಾಹ್ನದ ಮುದ್ದೆಯನ್ನೂ ಬೆಳಿಗ್ಗೆಯೇ ಕಟ್ಟಿ, ಸಾರಿನ ಪಾತ್ರೆಗೆ ತಟ್ಟೆ ಮುಚ್ಚಿ, "ಅತ್ತೆ, ಎಲ್ಲಾ ಐತೆ, ಬಡ್ಸಿ" ಎಂದು ಹೋಗುತ್ತಿದ್ದಳು. ಹೊಲಕ್ಕೆ ಹೋದವಳು ಮೂರು ದಿನ ನಡುಮಧ್ಯಾಹ್ನ ಒಮ್ಮೆ ಬಂದು ನೀರು ಕುಡಿದು ಹೋದಳು. ನಾಲ್ಕನೆಯ ದಿನ ಬರಲಿಲ್ಲ. ನಂಬಿದ್ದಳು.

ಬೈರಪ್ಪ ಬೇಳೆ ಸಾರಿನ ತಟ್ಟೆ ಪಕ್ಕಕ್ಕೆ ಸರಿಸಿದ.

"ಅವ್ವ, ಬಾಗ್ಲು ಮತ್ತೆ ಕಪ್ಪಾಯ್ತು."

"ಮೋಡ ಐತೆ ಕಣಪ್ಪ."

"ಬೆನ್ನಿಗೆ ಬಿಸಿಲು ಹೊಡೀತೈತೆ, ಮೋಡ ಎಲ್ಲೈತೆ? ಒಂದೇ ಒಂದು ತುತ್ತು ಮಾಡ್ಕೊಡು. ವಾರಕ್ಕೊಂದ್ಸಲ."

"ಡಾಕ್ಟ್ರು ಹೇಳಿದ್ದು ಕೇಳಿಸ್ಕೊಂಡಿಲ್ವಾ? ಅದು ತಾನಾಗೇ ಬಂದಿದ್ದಂತೆ."

"ಅವ್ರಿಗೇನು ಗೊತ್ತು? ಬಂದಿದ್ದು ನನ್ನ ಕಣ್ಣಿಗೆ. ಸತ್ರೆ ಸಾಯ್ತೀನಿ ಕಣವ್ವ, ನನ್ನ ಮಗಳ ಮಖ ಒಂದ್ಸಲ ನೋಡಿ ಸಾಯ್ತೀನಿ. ಈ ಕತ್ಲೇಲಿ ನೂರು ವರ್ಸ ಇರು ಅಂತೀಯಾ?"

ಹನುಮಂತಮ್ಮ ಕಿವಿ ಮುಚ್ಚಿಕೊಂಡು ಕೊಟ್ಟಿಗೆಗೆ ಹೋದಳು. ಮರುದಿನವೂ ಅದೇ ಮಾತು. ಅದರ ಮರುದಿನ ಮಾತಿಲ್ಲ, ಬರೀ ಮುಖ ಅವಳ ಕಡೆ ತಿರುಗಿಸಿ ಕೂತಿದ್ದ. ಅವಳು ಎದ್ದು ಆಚೆ ಹೋದರೂ ಆ ಮುಖ ಅದೇ ಕಡೆ ಇತ್ತು. ಅವತ್ತು ಎಮ್ಮೆ ಹೊಡೆದುಕೊಂಡು ಬರುತ್ತೇನೆಂದು ಹೋದವಳು ಕಾಲುವೆಯ ಬದುವಿನಲ್ಲಿ ಬಗ್ಗಿ ನಿಂತಿದ್ದಳು. ಮಡಿಲು ತುಂಬಿತ್ತು. ಗಾಬರಿಬಿದ್ದು ಅಷ್ಟನ್ನೂ ಎಮ್ಮೆಯ ಮುಂದೆ ಸುರಿದಳು.

ಗುರುವಾರ ಎಮ್ಮೆಗೆ ಸುರಿಯಲಿಲ್ಲ. ಮನೆಗೇ ತಂದಳು. ಒಲೆಯ ಮೇಲೆ ಸ್ವಾರೆ ಇಟ್ಟಳು, ಬೇಳೆ ಹಾಕಿದಳು, ಸೊಪ್ಪು ಹಾಕಿದಳು. ಮಾಡುತ್ತಿರುವುದು ಬೇರೆ ಯಾರದೋ ಕೈ ಎಂಬಂತೆ ಎಲ್ಲವನ್ನೂ ಅಣಿಯಾಗಿ ಮಾಡಿದಳು. ವಾಸನೆ ನಡುಮನೆಗೆ ಹೋಯಿತು. ಬೈರಪ್ಪ ಎದ್ದು ಕೂತ. ಆಸ್ಪತ್ರೆಯಿಂದ ಬಂದ ಮೇಲೆ ಅವನು ನಕ್ಕದ್ದು ಅವತ್ತೇ. ತಟ್ಟೆ ಇರಬೇಕಾದ ಜಾಗವನ್ನು ಅಂಗೈಯಿಂದ ಒರೆಸಿಕೊಂಡು ಕಾದ.

ಆ ನಗು ನೋಡಿ ಹನುಮಂತಮ್ಮ ಒಲೆಯತ್ತ ತಿರುಗಿದಳು. ಸ್ವಾರೆಯನ್ನು ಸೆರಗಿನಲ್ಲಿ ಹಿಡಿದೆತ್ತಿ, ಹಿತ್ತಲ ಬಾಗಿಲಿಗೆ ಹೋಗಿ, ದನದ ಕಲಗಚ್ಚಿನ ಬಾನಿಗೆ ಬಗ್ಗಿಸಿದಳು. ಸುರಿದ ಸದ್ದು ಅವನಿಗೆ ಕೇಳಿಸಿತು.

"ನೀನೂ ಅವಳ ಕಡೆ ಸೇರ್ಕಂಡ್ಯಾ ಅವ್ವ?" ಅಂದ. ಅವತ್ತು ಉಣ್ಣಲಿಲ್ಲ.

ಸಂಜೆ ಅಂಕಯ್ಯ ಎತ್ತಿಗೆ ಹುಲ್ಲು ಹಾಕುತ್ತಿದ್ದಾಗ ಹನುಮಂತಮ್ಮ ಅವನ ಕಿವಿಯ ಹತ್ತಿರ ಹೋಗಿ ಹೇಳಿದಳು. "ಉಯ್ಯಂಬಳ್ಳಿಗೆ ಹೋಯ್ತೀನಿ. ಮರಿಯಪ್ಪನ ಮನೇಗೆ." ಮರಿಯಪ್ಪ ಅವಳ ತಮ್ಮ.

"ಏನು, ಹಬ್ಬವಾ?"

"ಹಬ್ಬ ಅಲ್ಲ."

"ಯಾವಾಗ ಬತ್ತೀಯ?"

ಅವಳು ಬಗ್ಗಿ ಕೆಳಗೆ ಬಿದ್ದ ಹುಲ್ಲು ಆಯತೊಡಗಿದಳು. ಅಂಕಯ್ಯ ಹುಲ್ಲಿನ ಹೊರೆ ಕೆಳಗಿಟ್ಟ. ಅವನಿಗೆ ಈ ಸಲ ಕಿವಿ ಮಂದವಾಗಿರಲಿಲ್ಲ, ಆದರೂ ಕೇಳಿಸದವನ ಹಾಗೆ ಬಹಳ ಹೊತ್ತು ಎತ್ತಿನ ಕೊರಳು ಸವರುತ್ತಾ ನಿಂತ. ಆಮೇಲೆ, "ಬಸ್‌ಸ್ಟಾಂಡಿನ ಗಂಟ ಬತ್ತೀನಿ ಬುಡು" ಅಂದ.

ಬೆಳಿಗ್ಗೆ ಕಾವೇರಿ ಹಾಲು ಹಾಕಿ ಬರುವಷ್ಟರಲ್ಲಿ ಅತ್ತೆ ಎರಡು ಸೀರೆ ಗಂಟು ಕಟ್ಟಿಕೊಂಡು ಜಗುಲಿಯ ಮೇಲಿದ್ದಳು.

"ಇದೇನತ್ತೆ? ನಾನೇನಾದ್ರೂ ಅಂದ್ನಾ?"

"ನೀನು ಅಂದಿದ್ರೆ ಇರ್ತಿದ್ದೆ ಕಣಮ್ಮಿ. ಜಗಳ ಆಡ್ಕೊಂಡು ಇರ್ತಿದ್ದೆ."

"ಮತ್ಯಾಕೆ?"

"ನಿನ್ನೆ ಬೇಯಿಸ್ದೆ. ಬಾನಿಗೆ ಸುರ್ದೆ."

ಕಾವೇರಿ ಹಾಲಿನ ಕ್ಯಾನು ಕೆಳಗಿಟ್ಟಳು. ಹಿತ್ತಲ ಕಡೆ ಒಮ್ಮೆ ನೋಡಿದಳು. "ಸುರುದ್ರಲ್ಲ" ಅಂದಳು.

"ಅವ್ನು ಕೇಳ್ತಾನೆ. ನಾನು ಹೆತ್ತೋಳು. ಅವ್ನು ಬಾಯಿ ತೆರೆದ್ರೆ ನನ್ನ ಕೈ ನನ್ನ ಮಾತು ಕೇಳಾಕಿಲ್ಲ."

"ಇವತ್ತು ಶುಕ್ರವಾರ ಅತ್ತೆ. ಮನೆ ಹೆಣ್ಣು ಶುಕ್ರವಾರ ಹೊಸ್ಲು ದಾಟ್ಬಾರ್ದು ಅಂತ ನನ್ಗೆ ಹೇಳಿಕೊಟ್ಟೋರು ನೀವೇ. ನಾಳೆ ಹೋಗಿರಂತೆ."

"ಇವತ್ತು ನೀನು ಹೊಲಕ್ಕೆ ಹೋಯ್ತೀಯ. ಮಧ್ಯಾನ ಬತ್ತೈತೆ. ನಾಳೆಗಂಟ ನನ್ನ ನಂಬಾಕೆ ನನ್ನ ಕೈಲೇ ಆಗಾಕಿಲ್ಲ."

ಕಾವೇರಿ ಹೋಗಬೇಡಿ ಎನ್ನಲಿಲ್ಲ. ಒಳಗೆ ಹೋಗಿ ಎರಡು ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಂಡು ಬಂದು ಗಂಟಿನೊಳಗೆ ತುರುಕಿದಳು. ಗಂಟು ಬಿಗಿಯುವಾಗ ಇಬ್ಬರ ಕೈಯೂ ಒಂದೇ ಗಂಟಿನ ಮೇಲಿದ್ದವು.

ಒಳಗಿನಿಂದ ಬೈರಪ್ಪನ ದನಿ ಬಂತು. "ಅವ್ವ, ಎಲ್ಲಿಗೆ ಹೊಂಟಿದೀಯ?"

ಹನುಮಂತಮ್ಮ ಬಾಗಿಲಲ್ಲಿ ನಿಂತಳು. ಅವನು ಮಂಚದ ಮೇಲೆ ಕೂತು, ಅವಳಿರುವ ಕಡೆಗಿಂತ ಒಂದು ಮಾರು ಪಕ್ಕಕ್ಕೆ ಮುಖ ಮಾಡಿದ್ದ. ಹೊಸ್ತಿಲ ಮೇಲಿಟ್ಟ ಕಾಲನ್ನು ಹಿಂದಕ್ಕೆ ತೆಗೆದಳು.

ಹಿಂದಿನಿಂದ ಕಾವೇರಿ ಅವಳನ್ನು ದಾಟಿಕೊಂಡು ಒಳಗೆ ಹೋಗಿ, "ನಾನು ಕಣ್ರೀ. ಇವತ್ತು ಹೊಲಕ್ಕೆ ಹೋಗಾಕಿಲ್ಲ" ಎಂದು ಅವನ ಕೈ ಹಿಡಿದುಕೊಂಡಳು.

ಹನುಮಂತಮ್ಮ ಮೆಟ್ಟಿಲಿಳಿದಳು. ಅಂಕಯ್ಯ ಗಂಟು ಹೊತ್ತು ಮುಂದೆ ನಡೆದ. ಕನಕಪುರದ ಬಸ್ಸು ಅವತ್ತು ಹೊತ್ತಿಗೆ ಸರಿಯಾಗಿ ಬಂತು. ಹನುಮಂತಮ್ಮ ಆ ಮನೆ ಬಿಟ್ಟದ್ದು ಬಸವ ಜಯಂತಿ ಕಳೆದ ಶುಕ್ರವಾರ.